ಐದರಲ್ಲಿ ಮೂರು ಪಾಲು

ಪ್ರಿಯ ಗೆಳೆಯಾ,

ನಾನಿಲ್ಲಿ ಕ್ಷೇಮ. ನಿನ್ನ ಪತ್ರಕ್ಕೆ ಮೂರು ತಿಂಗಳಿನಿಂದ ಉತ್ತರಿಸದವನು ಇದ್ದಕ್ಕಿದ್ದಂತೆ ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದೇಕೆಂದು ನೀನು ಕೇಳಬಹುದು. ಕಾರಣವಿದೆ, ಹೇಳುತ್ತೇನೆ.

ಕಳೆದ ವಾರ ಊರಿನಿಂದ ಬಂದ ನೆಂಟರನ್ನು ಫಿಲಡೆಲ್ಫಿಯಾದ ಇಂಡಿಪೆಂಡೆನ್ಸ್ ಹಾಲ್‌ಗೆ ಕರೆದೊಯ್ದಿದ್ದೆ. 1787ರ ಬೇಸಿಗೆಯಲ್ಲಿ ಅಮೆರಿಕದ ಸಂವಿಧಾನ ರೂಪುಗೊಂಡದ್ದು ಅಲ್ಲಿಯೇ. ಹಿಂದೆಯೂ ನಾಲ್ಕೈದು ಸಲ ನೋಡಿದ್ದ ಆ ಕೋಣೆಯಲ್ಲಿ ಈ ಬಾರಿ ನನ್ನ ತಲೆಯನ್ನು ಹೊಕ್ಕು ಕುಳಿತದ್ದು ಒಂದು ಭಿನ್ನರಾಶಿ. ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವಾಗ ಸ್ವತಂತ್ರರನ್ನು ಪೂರ್ತಿಯಾಗಿಯೂ ಗುಲಾಮರನ್ನು ಐದರಲ್ಲಿ ಮೂರು ಪಾಲಾಗಿಯೂ ಎಣಿಸಬೇಕೆಂದು ಅಲ್ಲಿ ಒಪ್ಪಂದವಾಯಿತು. ಗುಲಾಮರೆಂಬ ಪದವನ್ನು ಮಾತ್ರ ಬರೆಯಲಿಲ್ಲ. ‘ಇತರ ಎಲ್ಲ ವ್ಯಕ್ತಿಗಳು’ ಎಂದು ಬರೆದರು.

ಮನುಷ್ಯನ ಬೆಲೆಯನ್ನು ಮುಕ್ಕಾಲಿಗಿಂತಲೂ ಕಡಿಮೆ ಮಾಡಿದರಲ್ಲ ಎಂದು ಹಾಸ್ಟೆಲಿನಲ್ಲಿ ನಾವಿಬ್ಬರೂ ಸಿಟ್ಟಾಗುತ್ತಿದ್ದೆವು, ನೆನಪಿದೆಯೇ? ಆ ಸಿಟ್ಟು ತಾಗಬೇಕಾದ ಕಡೆ ತಾಗಿರಲಿಲ್ಲ. ಗುಲಾಮರನ್ನು ಪೂರ್ತಿಯಾಗಿ ಎಣಿಸಿರೆಂದು ಹಟ ಹಿಡಿದವರು ದಕ್ಷಿಣದ ಒಡೆಯರು. ಎಣಿಸಲೇಬಾರದೆಂದು ವಾದಿಸಿದವರು ಉತ್ತರದವರು. ಮತವೂ ಇಲ್ಲದ, ಮಾತೂ ಇಲ್ಲದ ಆ ಜನರ ತಲೆಯೆಣಿಕೆ ಹೆಚ್ಚಿದಷ್ಟೂ ಅವರನ್ನು ಕಟ್ಟಿಹಾಕಿದವರ ಕೈ ಬಲಗೊಳ್ಳುತ್ತಿತ್ತು.

1790ರ ಜನಗಣತಿಯಲ್ಲಿ ಉತ್ತರದ ಪೆನ್ಸಿಲ್ವೇನಿಯಾದ ಸ್ವತಂತ್ರ ಜನ ಸುಮಾರು 4.3 ಲಕ್ಷ, ದಕ್ಷಿಣದ ವರ್ಜೀನಿಯಾದವರು ಸುಮಾರು 4.5 ಲಕ್ಷ, ಹೆಚ್ಚುಕಡಿಮೆ ಸಮ. ಆದರೆ ವರ್ಜೀನಿಯಾದಲ್ಲಿ 2.9 ಲಕ್ಷ ಗುಲಾಮರೂ ಇದ್ದರು. ಮುಂದಿನ ಹಂಚಿಕೆಯಲ್ಲಿ ಪೆನ್ಸಿಲ್ವೇನಿಯಾಕ್ಕೆ 13 ಸ್ಥಾನ ಸಿಕ್ಕರೆ ವರ್ಜೀನಿಯಾಕ್ಕೆ 19 ಸಿಕ್ಕಿತು. ಅಧ್ಯಕ್ಷರನ್ನು ಆರಿಸುವ ಮತದಾರ ಮಂಡಳಿಗೂ ಇದೇ ಲೆಕ್ಕ. 1800ರ ಅಧ್ಯಕ್ಷ ಚುನಾವಣೆಯಲ್ಲಿ, ಗುಲಾಮರನ್ನು ಎಂದೂ ಇಟ್ಟುಕೊಂಡಿರದ ಜಾನ್ ಆಡಮ್ಸ್ ಆ ಮಂಡಳಿಯ 65 ಮತ ಪಡೆದು, 73 ಮತ ಪಡೆದ ಥಾಮಸ್ ಜೆಫರ್ಸನ್ ಎದುರು ಸೋತರು. ಗುಲಾಮರ ಲೆಕ್ಕದಿಂದ ಬಂದ ಮತಗಳನ್ನು ಕಳೆದರೆ ಗೆಲುವು ಆಡಮ್ಸರದೇ ಆಗುತ್ತಿತ್ತೆಂದು ಹಲವು ಇತಿಹಾಸಕಾರರು ವಾದಿಸುತ್ತಾರೆ. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರು ಎಂದು ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಜೆಫರ್ಸನ್ನರ ಕೈಗೇ ಅಧಿಕಾರ ಹೀಗೆ ಬಂದಿತು. ಮೊದಲ 36 ವರ್ಷಗಳಲ್ಲಿ 32 ವರ್ಷ ಅಧ್ಯಕ್ಷರಾಗಿದ್ದವರು ವರ್ಜೀನಿಯಾದ ಗುಲಾಮರ ಒಡೆಯರೇ. 1836ರಿಂದ 1844ರವರೆಗಂತೂ ಗುಲಾಮಗಿರಿಯ ವಿರುದ್ಧ ಜನ ಕಳಿಸಿದ ಅರ್ಜಿಗಳನ್ನು ಪ್ರತಿನಿಧಿ ಸಭೆ ಚರ್ಚೆಗೇ ಎತ್ತಿಕೊಳ್ಳದಂತೆ ನಿಯಮ ಮಾಡಿಕೊಂಡಿತ್ತು.

ಉತ್ತರ ದಕ್ಷಿಣಗಳ ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲಿನದು ಇನ್ನೂ ಕಹಿ. 1868ರ ಸಂವಿಧಾನ ತಿದ್ದುಪಡಿಯ ನಂತರ ಕಪ್ಪು ಜನರೂ ಪೂರ್ತಿ ಎಣಿಕೆಗೆ ಬಂದರು. ಆದರೆ ಆ ಶತಮಾನ ಮುಗಿಯುವ ಹೊತ್ತಿಗೆ ದಕ್ಷಿಣದ ರಾಜ್ಯಗಳು ಅಕ್ಷರ ಪರೀಕ್ಷೆ, ಮತದಾನದ ತೆರಿಗೆ, ಬೆದರಿಕೆಗಳಿಂದ ಅವರ ಮತವನ್ನು ಕಿತ್ತುಕೊಳ್ಳುತ್ತಿದ್ದವು. 1965ರ ಮತದಾನ ಹಕ್ಕು ಕಾಯಿದೆ ಬರುವವರೆಗೂ ಅಲ್ಲಿನ ಬಹುಪಾಲು ಕಪ್ಪು ಜನ ಸ್ಥಾನಗಳ ಲೆಕ್ಕಕ್ಕೆ ಇದ್ದರು, ಮತಗಟ್ಟೆಯಲ್ಲಿ ಇರಲಿಲ್ಲ.

ಈಗ ಕಾರಣಕ್ಕೆ ಬರುತ್ತೇನೆ. ನಮ್ಮ ಅಜ್ಜನ ಕಥೆ ನಿನಗೆ ಗೊತ್ತು. ಚುನಾವಣೆಗೆ ನಿಂತವರು ಜಗುಲಿಯಲ್ಲಿ ಕುಳಿತು ಕಾಫಿ ಕುಡಿಯುವಾಗ ಅಜ್ಜ ‘ನಮ್ಮನೇದು ಇಪ್ಪತ್ಮೂರು ಓಟು’ ಎನ್ನುತ್ತಿದ್ದರು. ಮನೆಯೊಳಗೆ ಓಟಿದ್ದವರು ಒಂಬತ್ತೇ ಮಂದಿ. ಉಳಿದ ಹದಿನಾಲ್ಕು ಓಟು ತೋಟದಾಚೆಯ ಬಿಡಾರಗಳಲ್ಲಿದ್ದು ಹಳೆಯ ಸಾಲಕ್ಕಾಗಿ ದುಡಿಯುತ್ತಿದ್ದ ಜೀತದಾಳುಗಳದ್ದು. ಜೀತವನ್ನು ನಿಷೇಧಿಸಿದ 1976ರ ಕಾನೂನಿಗೂ ಮುಂಚಿನ ಮಾತು. ನಾವು ಯಾರನ್ನೂ ಮಾರಿರಲಿಲ್ಲ, ಕಾನೂನು ಅವರಿಗೆ ಓಟು ಕೊಟ್ಟಿತ್ತು, ಆದ್ದರಿಂದ ಇದು ಬೇರೆ, ಅದು ಬೇರೆ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಸಮಾಧಾನವಾಗಲಿಲ್ಲ. ಅವರನ್ನು ಗಾಡಿಯಲ್ಲಿ ಶಾಲೆಗೆ ಕರೆದೊಯ್ದು ಯಾವ ಗುರುತಿಗೆ ಮುದ್ರೆ ಒತ್ತಬೇಕೆಂದು ಅಜ್ಜ ಹೇಳುವಾಗ ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ.

ಹಾಸ್ಟೆಲಿನ ಅಂಗಳದಲ್ಲಿ ಈ ಕಥೆಯನ್ನು ಎಲ್ಲರ ಮುಂದೆ, ಅಜ್ಜನ ದನಿಯಲ್ಲೇ, ಹೆಮ್ಮೆಯಿಂದ ಹೇಳಿದ್ದೆ. ಎಲ್ಲರೂ ನಕ್ಕರು. ನೀನು ಎದ್ದು ನೀರು ಕುಡಿಯಲು ಹೋದೆ. ನಿನ್ನ ಅಪ್ಪ ಎಂಥ ಬಿಡಾರದಲ್ಲಿ ಬೆಳೆದವರೆಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದವನಂತೆ ಇದ್ದುಬಿಟ್ಟೆ, ಇಷ್ಟು ವರ್ಷವೂ. ಆ ಹದಿನಾಲ್ಕು ಜನರಲ್ಲಿ ಮೂವರ ಹೆಸರಷ್ಟೇ ನನಗೆ ನೆನಪಿದೆ. ಎಲ್ಲರ ಮುಂದೆ ಹೇಳಿದ ಕಥೆಗೆ ಎಲ್ಲರ ಮುಂದೆಯೇ ನಿನ್ನ ಕ್ಷಮೆ ಕೇಳುತ್ತಿದ್ದೇನೆ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತವನಲ್ಲ. ಇರಲಿ. ಇಲ್ಲಿ ಎಲೆಗಳು ಬಣ್ಣ ತಿರುಗಿ ಉದುರತೊಡಗಿವೆ. ನಿನ್ನ ಅಮ್ಮ ಕಳಿಸಿದ ಹಲಸಿನ ಹಪ್ಪಳ ತಲುಪಿದವು, ಒಂದೂ ಮುರಿದಿಲ್ಲ; ಅವರಿಗೆ ನನ್ನ ನಮಸ್ಕಾರ ತಿಳಿಸು. ನಮ್ಮ ಆ ಕೊಡೆಯ ಹಳೆಯ ಜಗಳದಲ್ಲಿ ಮಾತ್ರ ನಾನಿನ್ನೂ ಸೋಲೊಪ್ಪಿಲ್ಲ. ಡಿಸೆಂಬರಿನಲ್ಲಿ ಬರುತ್ತೇನೆ, ಅದೇ ಬಸ್‌ಸ್ಟ್ಯಾಂಡಿನಲ್ಲಿ ತೀರ್ಮಾನವಾಗಲಿ.

ನಿನ್ನ ಹಳೆಯ ರೂಮಿನವನು