ಯಾವ ದಾರಿಯ ಹರಿಕಾರ?

ಮಾನ್ಯರೇ,

ನಮ್ಮೂರ ಕಾಂಕ್ರೀಟ್ ರಸ್ತೆ ಉದ್ಘಾಟನೆಯ ವರದಿಯನ್ನು ನಿಮ್ಮ ಜಿಲ್ಲಾ ಪುಟದಲ್ಲಿ ಓದಿ ಮೈ ಉರಿಯಿತು. ರಿಬ್ಬನ್ ಕತ್ತರಿಸಿದ ಮುಖಂಡರನ್ನು ಫ್ಲೆಕ್ಸಿನವರು ‘ಅಭಿವೃದ್ಧಿಯ ಪ್ರಪ್ರಥಮ ಹರಿಕಾರ’ ಎಂದು ಅಚ್ಚು ಹಾಕಿದರೆ ಅರ್ಥವಾಗುತ್ತದೆ, ಅವರಿಗೆ ಚದರ ಅಡಿ ಲೆಕ್ಕದಲ್ಲಿ ದುಡ್ಡು. ನಿಮ್ಮ ವರದಿಗಾರರಿಗೆ ಏನಾಗಿತ್ತು? ಅದನ್ನೇ ನಕಲು ಹೊಡೆದು, ಸಾಲದೆಂಬಂತೆ ‘ಪಯೋನಿಯರ್’ ಎಂದೂ ಸೇರಿಸಿದ್ದಾರೆ.

ಕುಟುಂಬಕ್ಕೊಬ್ಬರಾದರೂ ಸೈನ್ಯದಲ್ಲಿದ್ದು ಬಂದ ಕೊಡಗಿನಲ್ಲಿ ಈ ಪದದ ಅರ್ಥ ಬಿಡಿಸಿ ಹೇಳಬೇಕಾಗಿ ಬಂದದ್ದೇ ನಾಚಿಕೆಗೇಡು. ಪಯೋನಿಯರ್ ಎಂದರೆ ಮೂಲದಲ್ಲಿ ಕಾಲಾಳು. ದಂಡು ಹೊರಡುವ ಮೊದಲು ಕೊಡಲಿ, ಗುದ್ದಲಿ, ಪಿಕಾಸಿ ಹಿಡಿದು ಮುಂದೆ ಹೋಗಿ ಕಾಡು ಕಡಿದು, ಹಳ್ಳ ತುಂಬಿಸಿ ದಾರಿ ಮಾಡುವವನು. 1830ರ ದಶಕದ ಆರಂಭದಲ್ಲಿ ನೀಲಗಿರಿಯ ಕೂನೂರು ಘಟ್ಟದ ರಸ್ತೆ ಕಡಿದದ್ದು ಮದ್ರಾಸ್ ಪಯೋನಿಯರ್ಸ್ ಪಡೆ. ನಮ್ಮ ಸೇನೆಯಲ್ಲಿ ಇಂದಿಗೂ ಪಯೋನಿಯರ್ ಕೋರ್ ಇದೆ. ಕಚೇರಿಯ ‘ಪ್ಯೂನ್’ ಕೂಡ ಇದೇ ಬಳ್ಳಿಯ ಕಾಯಿ. ಕತ್ತರಿ ಹಿಡಿದು ಫೋಟೊಗೆ ನಿಂತವರಿಗೆ ಕನ್ನಡದಲ್ಲಿ ‘ಉದ್ಘಾಟಕ’ ಎಂಬ ಚೊಕ್ಕ ಹೆಸರಿದೆ, ಅದು ಸಾಕಿತ್ತು.

ಮೊದಲು ಮಾಡಿದವರೆಲ್ಲ ಪಯೋನಿಯರ್‌ಗಳೂ ಅಲ್ಲ. ಅವರು ತೆರೆದ ದಾರಿಯಲ್ಲಿ ಬೇರೆಯವರು ನಡೆದಿರಬೇಕು. 1949ರ ಜನವರಿ 15ರಂದು ಭಾರತೀಯ ಸೇನೆಯ ದಂಡನಾಯಕರಾದ ಮೊದಲ ಭಾರತೀಯ ಕಾರ್ಯಪ್ಪನವರು. ಆ ಹುದ್ದೆಯ ಮಟ್ಟಿಗೆ ಅವರು ‘ಮೊದಲಿಗರು’. ಜಾತಿ, ಪ್ರಾಂತ್ಯ ನೋಡದೆ ಎಲ್ಲರನ್ನೂ ಸೇರಿಸಿ ಅದೇ ವರ್ಷ ಗಾರ್ಡ್ಸ್ ಪಡೆ ಕಟ್ಟಿಸಿದರಲ್ಲ, ಅಲ್ಲಿ ಅವರು ‘ಪ್ರವರ್ತಕರು’. ಇನ್ನೂ ಹತ್ತಿರದ್ದು ಬೇಕಿದ್ದರೆ, ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ, ಕೊಡವ ಕುಟುಂಬಗಳೇ ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ. ಆಮೇಲೆ ವರ್ಷಕ್ಕೊಂದು ಕುಟುಂಬ ಹೊಣೆ ಹೊರುತ್ತ ಬಂತು, ಆಡುವ ಕುಟುಂಬಗಳು ಮುನ್ನೂರು ದಾಟಿದವು. ಹರಿಕಾರ ಎನ್ನಬೇಕಾದದ್ದು ಇಂಥವರನ್ನು. ಸಂಘ ಕಟ್ಟಿದವರು ಸ್ಥಾಪಕರು, ಹೊಸದನ್ನು ಕಂಡುಹಿಡಿದವರು ಸಂಶೋಧಕರು, ಹಣ ಕೊಟ್ಟವರು ದಾನಿಗಳು. ಎಲ್ಲರ ಕೊರಳಿಗೂ ಒಂದೇ ಹಾರ ಯಾಕೆ? ‘ಪ್ರಪ್ರಥಮ ಹರಿಕಾರ’ ಎಂಬುದಂತೂ ಒಂದೇ ಮಾತನ್ನು ಎರಡು ಸಲ ಹೇಳಿದಂತೆ. ಎರಡನೆಯ ಹರಿಕಾರ, ಮೂರನೆಯ ಹರಿಕಾರ ಎಂದು ಯಾರಾದರೂ ಇದ್ದಾರೆಯೇ?

ಯಾವುದರಲ್ಲಿ, ಎಲ್ಲಿ ಎಂಬುದನ್ನೂ ಹೇಳಬೇಕು. 1854ರಲ್ಲಿ ಮಡಿಕೇರಿಯಲ್ಲಿ ಎಸ್ಟೇಟ್ ಹಾಕಿದ ಫೌಲರ್‌ನನ್ನು ‘ಕೊಡಗಿನ ಕಾಫಿಯ ಹರಿಕಾರ’ ಎಂದು ಬರೆದುಬಿಡುತ್ತಾರೆ. ಅದಕ್ಕೂ ಮೊದಲೇ ನಾಲ್ಕುನಾಡಿನ ಕಡೆ ಮಲಬಾರ್ ಮೂಲದ ಮುಸ್ಲಿಮರಾದ ಮಾಪಿಳ್ಳೆಗಳು ಕಾಫಿ ಬೆಳೆಯುತ್ತಿದ್ದರು. ಫೌಲರ್ ಯುರೋಪಿಯನ್ ಎಸ್ಟೇಟುಗಳ ಹರಿಕಾರ, ಅಷ್ಟೆ.

ಇನ್ನು ಆ ರಸ್ತೆಯ ಸಂಗತಿ. ನಮ್ಮ ಮಳೆಗೆ ಮೊದಲು ಚರಂಡಿ, ಆಮೇಲೆ ಕಲ್ಲು ಹಾಸಿ ರೋಲರ್, ಕೊನೆಗೆ ಕಾಂಕ್ರೀಟ್. ಇಲ್ಲಿ ಚರಂಡಿಯೇ ಇಲ್ಲ, ಎರಡೂ ಬದಿಗೆ ಮಣ್ಣೂ ಏರಿಸಿಲ್ಲ. ಪಕ್ಕದ ಬರೆಯ (ಮಣ್ಣಿನ ದಿಬ್ಬದ) ನೀರು ನೇರ ಅಂಚಿಗೆ ಇಳಿದು ಅಡಿಯ ಮಣ್ಣನ್ನು ಕೊರೆಯುತ್ತಿದೆ. ಈಗಲೇ ತಿರುವಿನಲ್ಲಿ ಅಂಗೈ ತೂರುವಷ್ಟು ಪೊಳ್ಳು ಕಾಣುತ್ತದೆ. ಕಾಫಿ ಮೂಟೆ ಹೇರಿದ ಪಿಕಪ್ ಹತ್ತಿದರೆ ಆ ಅಂಚು ಮುರಿದು ಬೀಳುವುದು ಖಂಡಿತ. ಎದುರಿಗೆ ಜೀಪು ಬಂದರೆ ಪಕ್ಕಕ್ಕೆ ಇಳಿಸುವ ಹಾಗಿಲ್ಲ, ಇಳಿಸಿದರೆ ಮೇಲೆ ಹತ್ತುವ ಹಾಗಿಲ್ಲ, ತಿರುವಿನವರೆಗೂ ರಿವರ್ಸ್ ಹೋಗಬೇಕು. ಇದು ಅಭಿವೃದ್ಧಿ!

ಫ್ಲೆಕ್ಸನ್ನು ಕಟ್ಟಿರುವುದು ಎಲ್ಲಿ? ಬಸ್ ತಂಗುದಾಣಕ್ಕೆ. ಬಸ್ ಬರುವ ದಿಕ್ಕೇ ಮುಚ್ಚಿಹೋಗಿ ಜನ ಕೊಡೆ ಹಿಡಿದು ರಸ್ತೆಗಿಳಿದು ನಿಲ್ಲಬೇಕು. ಗಾಳಿಗೆ ಒಂದು ಮೂಲೆಯ ಹಗ್ಗ ಕಿತ್ತು, ಮೊಳೆ ಹೊರಚಾಚಿದ ರೀಪು ಶಾಲೆ ಮಕ್ಕಳ ತಲೆಯ ಮಟ್ಟಕ್ಕೆ ಜೋತಾಡುತ್ತಿದೆ. ಹೇಳಲು ಹೋದರೆ ಸಂಬಂಧಪಟ್ಟ ಕಚೇರಿಯಲ್ಲಿ ‘ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ’. ಪೌತಿ ಖಾತೆಗೆ ಅಲೆದಾಗಲೂ ಸಾಹೇಬರು ಮೀಟಿಂಗಿನಲ್ಲೇ ಇದ್ದರು. ಇಲ್ಲದಿದ್ದರೆ ಸರ್ವರ್ ಇಲ್ಲ. ಕಸದ ಗಾಡಿ ಮೇಲಿನ ಕೇರಿಗೆ ಹತ್ತುವುದೇ ಇಲ್ಲ. ಬೀದಿದೀಪ ಉರಿಯುವುದು ಹಗಲು. ಆನೆ ಬಂದ ರಾತ್ರಿ ಫೋನ್ ಎತ್ತುವವರಿಲ್ಲ, ಬೆಳಗಾದ ಮೇಲೆ ಮಹಜರಿಗೆ ಬಂದವರು ಆಧಾರ್ ಜೆರಾಕ್ಸ್ ಕೇಳುತ್ತಾರೆ.

ಒಂದು ಮಾತು ಬಾಕಿ ಇದೆ. ‘ಹರಿಕಾರ’ ಎಂಬುದಕ್ಕೆ ಹಳೆಯ ಅರ್ಥ ಪತ್ರ ಒಯ್ಯುವ ಓಟದಾಳು, ಪಾರಸಿಯಿಂದ ಬಂದದ್ದು. ಮುಖಂಡರಿಗೆ ಆ ಬಿರುದು ಅಷ್ಟು ಪ್ರೀತಿಯಾದರೆ ನಮ್ಮ ಚರಂಡಿಯ ಅರ್ಜಿಯನ್ನು ಮೇಲಿನ ಕಚೇರಿಗೆ ಓಡಿ ಮುಟ್ಟಿಸಲಿ, ಬೇಡವೆನ್ನುವವರು ಯಾರು?

ಫ್ಲೆಕ್ಸ್ ತೆಗೆಸಿ, ಇಲ್ಲವೇ ಚರಂಡಿ ಮಾಡಿಸಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಸಂಬಂಧಪಟ್ಟವರು ಇನ್ನಾದರೂ ಕಣ್ಣು ಬಿಡಲಿ, ನಿಮ್ಮ ವರದಿಗಾರರು ನಿಘಂಟು ತೆರೆಯಲಿ.

— ನೊಂದ ಓದುಗ, ದಕ್ಷಿಣ ಕೊಡಗು