ಮಗ್ಗ ನಿಂತ ದಿನಗಳು: ತಮ್ಮನ ಮಗಳಿಗೆ ಒಂದು ಪತ್ರ

ಇಳಕಲ್ಲ, ಬಾಗಲಕೋಟೆ ಜಿಲ್ಲೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಕೋವಿಡ್ ಕಾಲದಲ್ಲಿ ಬೇರೆ ಬೇರೆ ದೇಶಗಳು ನಡೆದುಕೊಂಡ ರೀತಿಯನ್ನು ಹೋಲಿಸಿ ಪ್ರಬಂಧ ಬರೆಯುತ್ತಿರುವುದಾಗಿ ತಿಳಿಸಿದ್ದೀಯೆ. ಬಿಗಿಯಾಗಿ ಬಾಗಿಲು ಹಾಕಿದ ದೇಶಗಳನ್ನು ಒಂದು ಸಾಲಿನಲ್ಲಿ, ಸಡಿಲ ಬಿಟ್ಟ ದೇಶಗಳನ್ನು ಇನ್ನೊಂದು ಸಾಲಿನಲ್ಲಿ ನಿಲ್ಲಿಸಿ ಯಾವುದು ಸರಿಯೆಂದು ನೋಡುವುದು ನಿನ್ನ ಯೋಚನೆ. ಆ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕೆಂದು ನನಗೆ ಅನಿಸುತ್ತದೆ. ಮನೆಯಲ್ಲಿರಿ ಎಂದ ಸರಕಾರ, ಹಾಗೆ ಉಳಿದವರ ಒಲೆ ಹೇಗೆ ಉರಿಯಬೇಕೆಂದು ಯೋಚಿಸಿತ್ತೇ ಎಂಬುದನ್ನು ಮೊದಲು ಕೇಳು.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ನಮಗೆ ಸುದ್ದಿ ಬಂತು, ಹನ್ನೆರಡಕ್ಕೆ ದೇಶ ನಿಂತಿತು, ಮರುದಿನ ಯುಗಾದಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನ್ಯೂಜಿಲೆಂಡ್ ಕೂಡ ಅಷ್ಟೇ ಬಿಗಿಯಾಗಿ ಬಾಗಿಲು ಹಾಕಿತು, ಆದರೆ ಎರಡು ದಿನ ಮೊದಲೇ ತಿಳಿಸಿ, ಪೂರ್ಣಾವಧಿ ನೌಕರನೊಬ್ಬನಿಗೆ ವಾರಕ್ಕೆ 585 ನ್ಯೂಜಿಲೆಂಡ್ ಡಾಲರಿನಂತೆ ಮಾಲೀಕರ ಕೈಯಲ್ಲಿ ಸಂಬಳದ ಸಹಾಯಧನ ಇಟ್ಟಿತು. ಜರ್ಮನಿಯಲ್ಲಿ ಮೊದಲಿನಿಂದಲೂ ಇದ್ದ ಕುರ್ಟ್ಸ್ಆರ್ಬೈಟ್ ವ್ಯವಸ್ಥೆ, ಅಂದರೆ ಕೆಲಸ ಕಡಿಮೆಯಾದಾಗ ನೌಕರರನ್ನು ತೆಗೆಯದೆ ಅವರ ದುಡಿಮೆಯ ಹೊತ್ತನ್ನಷ್ಟೇ ಇಳಿಸುವ ಏರ್ಪಾಡು, ಕಡಿತವಾದ ನಿವ್ವಳ ಸಂಬಳದ ಶೇ 60ರಷ್ಟನ್ನು, ಮಕ್ಕಳಿದ್ದವರಿಗೆ ಶೇ 67ರಷ್ಟನ್ನು ತುಂಬಿಕೊಟ್ಟಿತು. ಬ್ರಿಟನ್ ತಿಂಗಳಿಗೆ 2,500 ಪೌಂಡಿನ ಮಿತಿಯಲ್ಲಿ ಸಂಬಳದ ಶೇ 80ರಷ್ಟು ಕೊಟ್ಟಿತು. ನಮ್ಮಲ್ಲಿ ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯ ಪುಕ್ಕಟೆ ಬಂತು, ಹೆಣ್ಣುಮಕ್ಕಳ ಜನಧನ ಖಾತೆಗೆ ಮೂರು ತಿಂಗಳು 500 ರೂಪಾಯಿ ಬಿತ್ತು, ರಾಜ್ಯ ಸರಕಾರ ಕೈಮಗ್ಗದ ನೇಕಾರರಿಗೆ 2,000 ರೂಪಾಯಿ ಘೋಷಿಸಿತು. ಆ ಧಾನ್ಯವನ್ನು ಹಗುರವಾಗಿ ಬರೆಯಬೇಡ. ನಮ್ಮ ಓಣಿಯ ಎಷ್ಟೋ ಮನೆಗಳು ಅದರಿಂದಲೇ ಉಂಡವು.

ಆದರೆ ನಮ್ಮ ಕಷ್ಟದ ಬೇರು ಇನ್ನೂ ಆಳದಲ್ಲಿದೆ. ಇಳಕಲ್ಲ ಸೀರೆ ನೇಯುವವನು ಸಾಹುಕಾರನಿಂದ ನೂಲು ತಂದು ತನ್ನ ಮನೆಯ ಕುಣಿಮಗ್ಗದಲ್ಲಿ ನೇಯ್ದು ಸೀರೆಗಿಷ್ಟು ಎಂದು ಕೂಲಿ ಪಡೆಯುತ್ತಾನೆ. ಯಾವ ಹಾಜರಿ ಪುಸ್ತಕದಲ್ಲಿಯೂ ಅವನ ಹೆಸರಿಲ್ಲ. ಮಾಲೀಕರ ಮೂಲಕ ಸಂಬಳ ಮುಟ್ಟಿಸಬೇಕೆಂದು ಸರಕಾರ ಬಯಸಿದ್ದರೂ ಅವನನ್ನು ಎಲ್ಲಿ ಹುಡುಕಬೇಕಿತ್ತು? ದೇಶಗಳ ನಡುವಿನ ಅಂತರ ಲಾಕ್‌ಡೌನ್ ಬರುವ ಎಷ್ಟೋ ವರ್ಷ ಮೊದಲೇ ಇಂಥ ಪುಸ್ತಕಗಳಲ್ಲಿ ನಿರ್ಧಾರವಾಗಿತ್ತು ಎಂದು ನಾನು ನಂಬಿದ್ದೇನೆ.

ನಮ್ಮ ಪಕ್ಕದ ಮನೆಯ ನೇಕಾರನನ್ನು ನೀನು ಬಲ್ಲೆ. ಲಗ್ನದ ಹಂಗಾಮು ಅದು. ಸೆರಗಿನ ಎಳೆಗಳಿಗೆ ಒಡಲಿನ ಎಳೆಗಳನ್ನು ಕೊಂಡಿ ಹಾಕಿ ಮುಗಿಸಿದ್ದ ಸೀರೆ ಅರ್ಧಕ್ಕೆ ನಿಂತಿತು. ರೇಷ್ಮೆ ಬರಲಿಲ್ಲ, ಸಾಹುಕಾರ ಹಳೆಯ ಸೀರೆಗಳನ್ನೂ ಒಯ್ಯಲಿಲ್ಲ. ಅವನು ದಿನಾಲೂ ಬೆಳಿಗ್ಗೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಹಾಸಿನ ಮೇಲಿನ ಧೂಳು ಒರೆಸಿ, ಲಾಳಿಯನ್ನು ಮುಟ್ಟದೆ ಎದ್ದುಬಿಡುತ್ತಿದ್ದ. ಹೆಂಡತಿಯ ಬೋರಮಾಳ ಒತ್ತೆ ಬಿತ್ತು. ಮಗ್ಗ ಮತ್ತೆ ಸಪ್ಪಳ ಮಾಡಿದ ಮೇಲೂ ಅವನ ಮಾತು ತಿರುಗಿ ಬರಲಿಲ್ಲ. "ಚಿಂತಿ ಹತ್ತೇತಿ" ಎಂದು ಓಣಿಯವರು ಸುಮ್ಮನಾದರು. ಅದು ಔಷಧ ಬೇಡುವ ಕಾಯಿಲೆಯೆಂದು ನನಗೂ ತಡವಾಗಿ ಹೊಳೆಯಿತು. ಆ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆ ಜಗತ್ತಿನಾದ್ಯಂತ ಶೇ 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದಾಗ ನನಗೆ ಅವನ ಮುಖ ನೆನಪಾಯಿತು. ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ-ಮಾನಸ್ ಸಹಾಯವಾಣಿ, 14416, ನಮಗೆ ಸಿಕ್ಕಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ.

ಹಾಗೆಂದು ಸಡಿಲ ಬಿಟ್ಟವರೆಲ್ಲ ಸುಖವಾಗಿದ್ದರೆಂದು ಬರೆಯಬೇಡ. ಜಪಾನು ಕಾನೂನಿನ ಬಲದಿಂದ ಯಾರನ್ನೂ ಮನೆಯಲ್ಲಿ ಕೂರಿಸಲಿಲ್ಲ. ಆದರೂ ಹತ್ತು ವರ್ಷಗಳಿಂದ ಇಳಿಯುತ್ತಿದ್ದ ಆತ್ಮಹತ್ಯೆಗಳು 2020ರಲ್ಲಿ ಅಲ್ಲಿ ಏರಿದವು, ಅದೂ ಹೆಂಗಸರಲ್ಲಿ. ಸ್ವೀಡನ್ನಿನ ಸಂಗತಿ ಬೇರೆ. ಹಿರಿಯರನ್ನು ಕಾಪಾಡುವುದರಲ್ಲಿ ದೇಶ ಸೋತಿತೆಂದು ಕೋವಿಡ್ ನಿರ್ವಹಣೆಯನ್ನು ಪರಿಶೀಲಿಸಲು ಅದೇ ನೇಮಿಸಿದ ಆಯೋಗ 2020ರ ಡಿಸೆಂಬರಿನಲ್ಲಿ ಹೇಳಿತು, ಆದರೆ ಹದಿನಾರರೊಳಗಿನ ಮಕ್ಕಳ ಶಾಲೆಗಳನ್ನು ಆ ದೇಶ ಮುಚ್ಚಲಿಲ್ಲ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಗಳು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಾನು ಮಾಸ್ತರಿಕೆ ಮಾಡಿದವನು, ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ: ಒಂದನೆಯ ತರಗತಿಯಿಂದ ಮನೆಗೆ ಹೋದ ಮಕ್ಕಳು ಮೂರನೆಯದರಲ್ಲಿ ಬಂದು ಕುಳಿತು, ಒತ್ತಕ್ಷರ ಕಂಡರೆ ನನ್ನ ಮುಖ ನೋಡುತ್ತಿದ್ದವು.

ಇನ್ನೊಂದು ಸಂಗತಿಗೂ ನಿನ್ನ ಪ್ರಬಂಧದಲ್ಲಿ ಜಾಗ ಬಿಡು. 2021ರ ಮೇ ತಿಂಗಳಲ್ಲಿ ನಿನ್ನ ಅಜ್ಜಿ ತೀರಿಕೊಂಡಾಗ ಮಾತಾಡಿಸಲು ಒಬ್ಬರೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ನಿನ್ನಪ್ಪ ಇವತ್ತಿಗೂ ಅಜ್ಜಿಯ ಕೋಣೆಯ ಬಾಗಿಲು ತೆರೆಯುವಾಗ ಒಂದು ಗಳಿಗೆ ನಿಲ್ಲುತ್ತಾನೆ.

ದೀಪಾವಳಿಗೆ ಬಾ. ಪಕ್ಕದ ಮನೆಯವನ ಹತ್ತಿರ 2020ರ ಯುಗಾದಿಯಿಂದ ಬರೆದಿಟ್ಟ ಸಾಲದ ವಹಿ ಇದೆ, ನಿನಗೆ ತೋರಿಸಲು ಒಪ್ಪಿದ್ದಾನೆ. ಮೊದಲ ದಿನ ಅವನನ್ನು ಏನೂ ಕೇಳದೆ ಮಗ್ಗದ ಪಕ್ಕ ಕುಳಿತುಕೋ. ಅವನು ತಾನಾಗಿಯೇ ಮಾತು ತೆಗೆಯಲಿ.

ನಿನ್ನ ದೊಡ್ಡಪ್ಪ