ನಮ್ಮ ಮಾತಿನಲ್ಲೂ ಪ್ರೇಮ ಕಾದಂಬರಿ ಬರಲಿ

ಮಾನ್ಯ ಸಂಪಾದಕರೇ,

ಯಾದಗಿರಿಯಿಂದ ಕಲಬುರಗಿಗೆ ದಿನಾ ರೈಲಿನಲ್ಲಿ ಓಡಾಡುವವಳು ನಾನು. ನಾಲವಾರ, ವಾಡಿ, ಶಹಾಬಾದ್ ದಾಟುವಷ್ಟರಲ್ಲಿ ಪ್ರೇಮ ಕಾದಂಬರಿಯ ಎರಡು ಮೂರು ಅಧ್ಯಾಯ ಮುಗಿದಿರುತ್ತವೆ. ಇವನ್ನು ‘ಸುಮ್ನೆ ಟೈಂಪಾಸ್’ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಕೊನೆಗೆ ಇಬ್ಬರೂ ಒಂದಾಗುತ್ತಾರೆ ಅಂತ ಮೊದಲ ಪುಟದಲ್ಲೇ ಗೊತ್ತಿರುತ್ತದೆ. ಆದರೂ ನಮ್ಮಿಂದ ಪುಟ ತಿರುವಿಸುವುದು ಸಣ್ಣ ಕೆಲಸವಲ್ಲ, ಅಲ್ವಾ?

ಮೊನ್ನೆ ಓದಿದ ಒಂದರಲ್ಲಿ ಎರಡು ದಿನದಿಂದ ಮಾತು ಬಿಟ್ಟ ಹುಡುಗ, ಅವಳ ಕಾಫಿಗೆ ಮಾತ್ರ ಮರೆಯದೆ ಅರ್ಧ ಚಮಚ ಸಕ್ಕರೆ ಹಾಕಿಡುತ್ತಾನೆ. ‘ಕ್ಷಮಿಸು’ ಅನ್ನುವ ಮಾತೇ ಇಲ್ಲ. ನಾನು ಸೀಟಿನಲ್ಲೇ ನಕ್ಕುಬಿಟ್ಟೆ. ಇಂಥ ಕಥೆಗೆ ಖಳನಾಯಕ ಬೇಕಿಲ್ಲ. ಅವರಿಬ್ಬರ ಹಟ, ಅಂಜಿಕೆಯೇ ಸಾಕು. ಚುರುಕು ಮಾತುಕತೆ ಮಾತ್ರ ಇರಲೇಬೇಕು.

ಆದರೆ ನನ್ನ ಕೈಗೆ ಸಿಗುವ ಕಾದಂಬರಿಗಳಲ್ಲಿ ಬೆಂಗಳೂರೇ ಜಾಸ್ತಿ. ಕಲಬುರಗಿಯ ಸೂಪರ್ ಮಾರ್ಕೆಟ್ ಗದ್ದಲದಲ್ಲಿ, ಮೇ ತಿಂಗಳ ಬಿಸಿಲಲ್ಲಿ ಯಾರೂ ಪ್ರೀತಿಸುವುದಿಲ್ಲವೇ? ‘ಯಾಕ್ರೀ, ಸಿಟ್ಟು ಬಂದದೇನು?’ ಅಂತ ನಾಯಕ ಕೇಳಿದರೆ ಎಷ್ಟು ಚೆಂದ! ಪತ್ರಿಕೆಗಳು ನಮ್ಮ ಭಾಗದ ಹೊಸ ಲೇಖಕಿಯರಿಂದ ಇಂಥದ್ದೊಂದು ಧಾರಾವಾಹಿ ಬರೆಸಲಿ. ಮೊದಲ ಕಂತನ್ನು ನಾನು ರೈಲಿನಲ್ಲೇ ಓದುತ್ತೇನೆ.

– ಓದುಗಿ, ಯಾದಗಿರಿ